ಬಡವನಿಗೆ ಎಷ್ಟು ಸಾಕು ಅಂತ ಹೇಳೋರು ಯಾರು?

ಅಮೀನಗಡ ಅಂದ ಕೂಡಲೇ ನಿಮಗೆ ನೆನಪಾಗುವುದು ಏನು? ಕರದಂಟು. ಕರಿದ ಅಂಟು, ಬೆಲ್ಲ, ಒಣ ಕೊಬ್ಬರಿ, ಉತ್ತತ್ತಿ. ಬಾಗಲಕೋಟೆಯಿಂದ ಹುನಗುಂದದ ಕಡೆ ಹೊರಟವರು ಇಲ್ಲಿ ಇಳಿದು ಒಂದು ಡಬ್ಬಿ ಕಟ್ಟಿಸಿಕೊಳ್ಳದೆ ಮುಂದೆ ಹೋಗೋದು ಕಡಿಮೆ. ಅದು ಬಿಟ್ಟರೆ ಕುರಿ ಸಂತೆ. ಪಕ್ಕದಲ್ಲಿ ಐಹೊಳೆ, ಆ ಕಡೆ ಇಳಕಲ್ಲು.

ಈ ಊರಿಗೂ ನ್ಯೂಯಾರ್ಕ್‌ನಲ್ಲಿರುವ ವಿಶ್ವಸಂಸ್ಥೆಗೂ ಏನು ಸಂಬಂಧ ಅಂತ ಕೇಳಬಹುದು. 2015ರ ಸೆಪ್ಟೆಂಬರ್ 25ರಂದು ಜಗತ್ತಿನ ದೇಶಗಳೆಲ್ಲ ಅಲ್ಲಿ ಕೂತು ಸುಸ್ಥಿರ ಅಭಿವೃದ್ಧಿಯ ಕಾರ್ಯಸೂಚಿಗೆ ಒಪ್ಪಿಗೆ ಕೊಟ್ಟವು. 17 ಗುರಿ, 169 ಉಪಗುರಿ. 2030ರೊಳಗೆ ಮುಗಿಸಬೇಕು. ಭಾರತವೂ ಒಪ್ಪಿತು. ಒಪ್ಪುವ ಮೊದಲು ಗಟ್ಟಿಯಾಗಿ ಜಗಳವನ್ನೂ ಆಡಿತು. ಆ ಜಗಳದ ಬೇರು ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲುವುದು ಇಂಥ ಸೀಮೆಗೇ.

ಸುಸ್ಥಿರ ಅಭಿವೃದ್ಧಿ ಅನ್ನೋ ಪದ ಕೇಳಿ ಗಾಬರಿಯಾಗಬೇಡಿ. ಇವತ್ತಿನ ಹೊಟ್ಟೆ ತುಂಬಿಸಿಕೊಳ್ಳಿ, ಆದರೆ ನಾಳೆ ಹುಟ್ಟುವ ಮಕ್ಕಳ ಪಾಲನ್ನು ತಿಂದು ಹಾಕಬೇಡಿ. ಅಷ್ಟೇ. 1987ರಲ್ಲಿ ನಾರ್ವೆಯ ಪ್ರಧಾನಿ ಬ್ರುಂಟ್‌ಲ್ಯಾಂಡ್ ಅಧ್ಯಕ್ಷತೆಯ ಆಯೋಗ ಇದನ್ನು ಜಗತ್ತಿಗೆ ವಿವರಿಸಿತು. ಎಂಥ ಹಸಿವಿದ್ದರೂ ಬಿತ್ತನೆ ಜೋಳಕ್ಕೆ ಕೈ ಹಾಕಬಾರದು ಅಂತ ಹುನಗುಂದದ ಮುದುಕಿಯರಿಗೆ ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1876. ಆಗ ಈ ಪ್ರದೇಶ ಬಾಂಬೆ ಪ್ರಾಂತ್ಯದ ಕಲಾದಗಿ ಜಿಲ್ಲೆ. ಮಳೆ ಕೈಕೊಟ್ಟಿತು. ದಕ್ಷಿಣ ಭಾರತದುದ್ದಕ್ಕೂ 1878ರವರೆಗೆ ಘೋರ ಬರಗಾಲ. ಜನ ಸಾಯುತ್ತಿದ್ದರೆ, ಇದೇ ದೇಶದ ಬಂದರುಗಳಿಂದ ಧಾನ್ಯ ಹಡಗು ಹತ್ತಿ ಹೋಗುತ್ತಲೇ ಇತ್ತು. ವ್ಯಾಪಾರಕ್ಕೆ ಕೈ ಹಾಕಬಾರದು ಅನ್ನೋದು ಬ್ರಿಟಿಷ್ ಸರಕಾರದ ನೀತಿ. ಖರ್ಚು ತಗ್ಗಿಸಲು ಬಂದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್, ಬರಗಾಲದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕ ಕಟ್ಟಿದ. ಅರ್ಧ ಕೆ.ಜಿ.ಗೂ ಕಡಿಮೆ! ಅಷ್ಟು ಸಾಕು ಅಂತ ತೀರ್ಮಾನಿಸಿದವನು ಹಸಿದವನಲ್ಲ. 1872ರ ಜನಗಣತಿಯನ್ನೂ 1881ರ ಜನಗಣತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಈ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ.

ಬಡವನಿಗೆ ಎಷ್ಟು ಸಾಕು ಅಂತ ತೀರ್ಮಾನಿಸುವವರು ಯಾರು? ಈ ಪ್ರಶ್ನೆಯನ್ನು ಮರೆಯಬೇಡಿ. ಮುಂದಿನ ಕಥೆ ಎಲ್ಲಾ ಇದರ ಸುತ್ತಲೇ ಇದೆ.

ಬರೋಣ 1972ಕ್ಕೆ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ಅಮೀನಗಡ ಇದ್ದದ್ದು ಬಿಜಾಪುರ ಜಿಲ್ಲೆಯಲ್ಲಿ. ಆ ವರ್ಷ ದೇಶದ ಮುಂಗಾರು ಕೆಟ್ಟಿತು. ಮಹಾರಾಷ್ಟ್ರದಿಂದ ಬಿಜಾಪುರದವರೆಗೆ ಬರ. ಹಳಬರನ್ನು ಕೇಳಿ, ಎಪ್ಪತ್ತೆರಡರ ಬರ ಅಂತ ಇವತ್ತಿಗೂ ಹೇಳ್ತಾರೆ. ಅದೇ ವರ್ಷದ ಜೂನ್‌ನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಪರಿಸರದ ಮೇಲೆ ವಿಶ್ವಸಂಸ್ಥೆಯ ಮೊದಲ ದೊಡ್ಡ ಸಮ್ಮೇಳನ. ಆತಿಥೇಯ ಸ್ವೀಡನ್ ಪ್ರಧಾನಿಯನ್ನು ಬಿಟ್ಟರೆ ಅಲ್ಲಿಗೆ ಖುದ್ದಾಗಿ ಬಂದ ಸರಕಾರದ ಮುಖ್ಯಸ್ಥರು ಒಬ್ಬರೇ, ಇಂದಿರಾ ಗಾಂಧಿ.

ಶ್ರೀಮಂತ ದೇಶಗಳಲ್ಲಿ ಆಗ ಎದ್ದಿದ್ದ ಮಾತು ಏನು? ಭೂಮಿ ಹಾಳಾಗುತ್ತಿದೆ, ಎಲ್ಲರೂ ಬೆಳವಣಿಗೆಯ ವೇಗ ತಗ್ಗಿಸಬೇಕು. ಹೊಟ್ಟೆ ತುಂಬಿದವರು ಉಪವಾಸದ ಮಹಿಮೆ ಹೇಳಿದಂತೆ! ಇಂದಿರಾ ಅಲ್ಲಿ ಕೇಳಿದ್ದು ನೇರ ಪ್ರಶ್ನೆ. ಎಲ್ಲಕ್ಕಿಂತ ದೊಡ್ಡ ಮಾಲಿನ್ಯ ಬಡತನವೇ ಅಲ್ಲವೇ? ಕಾಡಂಚಿನಲ್ಲಿ ಬದುಕುವವನಿಗೆ ದುಡಿಮೆಯ ದಾರಿ ತೋರಿಸದೆ, ಮರ ಕಡಿಯಬೇಡ ಅಂತ ಯಾವ ಬಾಯಲ್ಲಿ ಹೇಳುವುದು? ಅವರು ಪರಿಸರದ ವಿರೋಧಿಯಾಗಿರಲಿಲ್ಲ. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, 1974ರಲ್ಲಿ ಜಲಮಾಲಿನ್ಯ ತಡೆ ಕಾಯಿದೆ ಬಂತು. ಅವರ ವಾದ ಇಷ್ಟೇ: ಮೊದಲು ಅನ್ನ, ಕೆಲಸ, ನೀರು. ಪರಿಸರದ ಉಳಿವು ಅದರ ಜೊತೆಜೊತೆಗೇ ಆಗಬೇಕು.

ಅಲ್ಲಿಂದಾಚೆ ಪ್ರಧಾನಿಗಳು ಬದಲಾದರು, ಪಕ್ಷಗಳು ಬದಲಾದವು, ಈ ವಾದ ಮಾತ್ರ ಬದಲಾಗಲಿಲ್ಲ. 1992ರಲ್ಲಿ ರಿಯೊ ಡಿ ಜನೈರೊದ ಭೂ ಶೃಂಗಸಭೆಗೆ ಪಿ.ವಿ. ನರಸಿಂಹ ರಾವ್ ಹೋದರು. ಹೊಣೆ ಎಲ್ಲರದ್ದೂ ಹೌದು, ಆದರೆ ಎಲ್ಲರದ್ದೂ ಸಮಸಮ ಅಲ್ಲ ಎಂಬ ತತ್ವ ಅಲ್ಲಿನ ಘೋಷಣೆಯಲ್ಲಿ ಬರೆಯಲ್ಪಟ್ಟಿತು. ನೂರಾರು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತರಾದವರು ಹೆಚ್ಚು ಹೊರಬೇಕು. ನಿನ್ನೆ ಮೊನ್ನೆ ವಿದ್ಯುತ್ ಕಂಡ ಹಳ್ಳಿಯ ಮೇಲೆ ಅದೇ ಭಾರ ಹಾಕಬಾರದು. ನ್ಯಾಯ ಅಲ್ವಾ?

2012ರಲ್ಲಿ ಅದೇ ರಿಯೊದಲ್ಲಿ ಮತ್ತೆ ಸಭೆ, ಆಗ ಮನಮೋಹನ್ ಸಿಂಗ್. ಹೊಸ ಗುರಿಗಳ ಕರಡು ಬರೆಯಲು 30 ಸ್ಥಾನಗಳ ಕಾರ್ಯತಂಡ ರಚನೆಯಾಯಿತು. ಇಲ್ಲೊಂದು ಸ್ವಾರಸ್ಯ ಇದೆ. ಆಕಾಂಕ್ಷಿ ದೇಶಗಳು ಜಾಸ್ತಿ, ಕುರ್ಚಿ ಕಡಿಮೆ. ಹಾಗಾಗಿ ಭಾರತ, ಪಾಕಿಸ್ತಾನ, ಶ್ರೀಲಂಕಾ ಮೂರೂ ಸೇರಿ ಒಂದೇ ಕುರ್ಚಿ ಹಂಚಿಕೊಂಡವು! ನಮ್ಮ ಸ್ಟುಡಿಯೊ ಚರ್ಚೆಗಳಲ್ಲಿ ಒಂದೇ ಪರದೆಯ ಮೇಲೆ ಈ ಮೂರನ್ನೂ ಕೂರಿಸೋದು ಕಷ್ಟ.

ಅಲ್ಲಿ ಭಾರತದ ಆದ್ಯತೆಗಳೇನು? ಒಂದು, ಬಡತನ ನಿರ್ಮೂಲನೆಯೇ ಮೊದಲ ಗುರಿ. ಎರಡು, ಉದ್ಯೋಗ ಮತ್ತು ಎಲ್ಲರ ಕೈಗೆಟಕುವ ವಿದ್ಯುತ್ತು. ಮೂರು, ಶ್ರೀಮಂತ ದೇಶಗಳು ತಮ್ಮ ಭೋಗ ತಗ್ಗಿಸಲಿ. ನಾಲ್ಕು, ಗುರಿ ಕೊಟ್ಟವರು ಹಣ, ತಂತ್ರಜ್ಞಾನವನ್ನೂ ಕೊಡಲಿ. ಈಗ 17 ಗುರಿಗಳ ಪಟ್ಟಿ ತೆಗೆದು ನೋಡಿ. ಮೊದಲನೆಯದು ಬಡತನ. ಏಳನೆಯದು ಇಂಧನ, ಎಂಟನೆಯದು ದುಡಿಮೆ. ಹನ್ನೆರಡನೆಯದು ಬಳಕೆಯ ಬಗ್ಗೆ, ಅದರಲ್ಲಿ ಮುಂದುವರಿದ ದೇಶಗಳು ಮುಂದಾಳತ್ವ ವಹಿಸಬೇಕು ಅಂತ ಸ್ಪಷ್ಟವಾಗಿದೆ. ವಾದ ಗೆದ್ದಿತು.

ಹಣ ಬಂತಾ? ಅದು ಬೇರೆ ಕಥೆ. ರಾಷ್ಟ್ರೀಯ ಆದಾಯದ ನೂರಕ್ಕೆ 0.7 ಪಾಲನ್ನು ನೆರವಾಗಿ ಕೊಡುತ್ತೇವೆ ಅಂತ ಶ್ರೀಮಂತ ದೇಶಗಳು ತಲೆಯಾಡಿಸಿದ್ದು 1970ರಲ್ಲಿ. ಬೆರಳೆಣಿಕೆಯ ದೇಶಗಳನ್ನು ಬಿಟ್ಟರೆ ಉಳಿದವು ಇವತ್ತಿಗೂ ಆ ಗೆರೆ ಮುಟ್ಟಿಲ್ಲ. ಈ ಬಗ್ಗೆ ನಾವು ಸಿಟ್ಟಾಗೋದು ಸರಿಯೇ.

ಆದರೆ ವೀಕ್ಷಕರೇ, ಇಲ್ಲೇ ನಾನು ಅಮೀನಗಡಕ್ಕೆ ವಾಪಸ್ ಬರಬೇಕು. ದೆಹಲಿ ಜಗತ್ತಿಗೆ ಹೇಳಿದ ಮಾತನ್ನೇ ಈ ಸೀಮೆಯ ಜನ ಬೆಂಗಳೂರಿಗೂ ದೆಹಲಿಗೂ ಹೇಳಿದರೆ ನಮ್ಮ ಉತ್ತರ ಏನು?

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅಣೆಕಟ್ಟು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಬರದ ನಾಡಿಗೆ ಕೃಷ್ಣೆಯ ನೀರು ಬಂತು, ಕೆಳಗಿನ ಜಿಲ್ಲೆಗಳಲ್ಲಿ ಲಕ್ಷಾಂತರ ಎಕರೆ ಹಸಿರಾಯಿತು. ಮುಳುಗಿದ್ದು ಯಾವುದು? ಬಾಗಲಕೋಟೆಯ ಹಳೆ ಊರಿನ ಮನೆ, ಅಂಗಡಿ, ಓಣಿ, ನದಿ ದಂಡೆಯ ಹಳ್ಳಿಗಳು. ಇಲ್ಲಿ ಮುಳುಗಡೆ ಅನ್ನೋದು ಬರೀ ಸರಕಾರಿ ಪದವಲ್ಲ, ಅದೊಂದು ಜನರ ಗುರುತು. ನಾವು ಮುಳುಗಡೆಯವರು ಅಂತಲೇ ಪರಿಚಯ ಹೇಳಿಕೊಳ್ತಾರೆ. 2010ರಲ್ಲಿ ನ್ಯಾಯಮಂಡಳಿ 524.256 ಮೀಟರ್ ಎತ್ತರಕ್ಕೆ ಒಪ್ಪಿದ ಮೇಲೆ ಮುಂದೆ ಮುಳುಗಲಿರುವ ಹಳ್ಳಿಗಳು ವರ್ಷಾನುಗಟ್ಟಲೆ ಕಾಯುತ್ತಾ ಕೂತವು. ಮನೆ ಕಟ್ಟುವ ಹಾಗಿಲ್ಲ, ಬಿಡುವ ಹಾಗಿಲ್ಲ. ಲಾಭ ಒಬ್ಬರದು, ಭಾರ ಇನ್ನೊಬ್ಬರದು. ಇದನ್ನೇ ಅಲ್ವಾ ನಾವು ರಿಯೊದಲ್ಲಿ ಅನ್ಯಾಯ ಅಂದಿದ್ದು?

ಇನ್ನೊಂದು ಉದಾಹರಣೆ ಹುನಗುಂದ ತಾಲ್ಲೂಕಿನದೇ. ರಾಮಥಾಳ ಮರೋಳ ಹನಿ ನೀರಾವರಿ. ನಾರಾಯಣಪುರ ಜಲಾಶಯದ ಹಿನ್ನೀರು ಎತ್ತಿ ಸುಮಾರು 24 ಸಾವಿರ ಹೆಕ್ಟೇರಿಗೆ ಕೊಳವೆಯಲ್ಲಿ ಹನಿ ಹನಿ ಉಣಿಸುವ ಯೋಜನೆ. ಏಷ್ಯಾದಲ್ಲೇ ದೊಡ್ಡದು ಅಂತ ಹೊಗಳಿಕೆ. ನೀರು ಉಳಿಸುವ ಆಲೋಚನೆ ಚಿನ್ನದಂಥದ್ದು. ಆದರೆ ಬೇಕಾದ ಹೊತ್ತಿಗೆ ನೀರಿಲ್ಲ, ಕೊಳವೆ ಹಾಳಾಗಿವೆ ಎಂಬ ದೂರು ಎದ್ದವು. ಎಷ್ಟೋ ರೈತರು ಅದನ್ನು ಬಳಸಲೇ ಇಲ್ಲ. ಇದೇ ರೈತರ ಅಜ್ಜಂದಿರು ಎರೆಹೊಲಕ್ಕೆ ಒಡ್ಡು ಹಾಕಿ, ಬಿದ್ದ ಮಳೆಯನ್ನು ಅಲ್ಲೇ ಇಂಗಿಸಿ, ಹಿಂಗಾರಿಯಲ್ಲಿ ಜೋಳ, ಕಡಲೆ ತೆಗೆದವರು. ಕೊಳವೆ ಹೂಳುವ ಮೊದಲು ಅವರ ಜೊತೆ ಬದುವಿನ ಮೇಲೆ ಎಷ್ಟು ಹೊತ್ತು ಕೂತು ಮಾತಾಡಿದ್ದರು?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಪಟ್ಟದಕಲ್ಲು, ಐಹೊಳೆಯ ಸುತ್ತ ನೀರೇ ನೀರು. ಬರಕ್ಕೆ ಹೆಸರಾದ ನೆಲದಲ್ಲಿ ಪ್ರವಾಹ! ಆಕಾಶಕ್ಕೆ ಹೊಗೆ ಬಿಟ್ಟವರಲ್ಲಿ ಇಲ್ಲಿನ ಕುರಿ ಕಾಯುವವನ ಪಾಲು ಎಷ್ಟು? ಹವಾಮಾನ ಕೆಟ್ಟರೆ ಮೊದಲು ಕೊಟ್ಟಿಗೆ ಕಳೆದುಕೊಳ್ಳುವವನು ಮಾತ್ರ ಅವನೇ.

ವಿಶ್ವಸಂಸ್ಥೆಯಲ್ಲಿ ಭಾರತ ಮಂಡಿಸಿದ ವಾದ ಸರಿ. ನಾನು ಅದರ ಪರ. ಆದರೆ ನ್ಯಾಯ ಅನ್ನೋದು ವಿಮಾನ ನಿಲ್ದಾಣದಿಂದ ಆಚೆಗೆ ಮಾತ್ರ ಅನ್ವಯವಾಗುವ ಸರಕಲ್ಲ. ಯಾರನ್ನೂ ಹಿಂದೆ ಬಿಡುವುದಿಲ್ಲ ಅಂತ 2015ರಲ್ಲಿ ಸಹಿ ಹಾಕಿದ್ದೇವೆ. ಹಾಗಾದರೆ ಮುಳುಗಡೆಯವನ ಪರಿಹಾರ ಅವನ ಆಯುಷ್ಯ ಮುಗಿಯುವ ಮೊದಲು ಕೈ ಸೇರಬೇಕು. ಯೋಜನೆಯ ನಕ್ಷೆ ಟೆಂಡರಿಗೆ ಹೋಗುವ ಮೊದಲು ಗ್ರಾಮಸಭೆಗೆ ಬರಬೇಕು.

ಟೆಂಪಲ್ ಸಾಹೇಬ ಒಂದು ಪೌಂಡ್ ಸಾಕು ಅಂದ. ಅವನು ಪರದೇಶದವನು, ಹೋದ. ಈಗ ತಕ್ಕಡಿ ನಮ್ಮವರ ಕೈಯಲ್ಲೇ ಇದೆ. ತೂಗುವ ಮೊದಲು ಒಮ್ಮೆ ಕೇಳಿ ನೋಡಿ: ನಿಮಗೆಷ್ಟು ಬೇಕು?