ಸಿಂಪ್ಸನ್ಸ್, ದಿ

ಅಮೆರಿಕದ ಅನಿಮೇಟೆಡ್ ಹಾಸ್ಯ ಧಾರಾವಾಹಿ. ವ್ಯಂಗ್ಯಚಿತ್ರಕಾರ ಮ್ಯಾಟ್ ಗ್ರೇನಿಂಗ್ ಸೃಷ್ಟಿ. 1987ರಲ್ಲಿ ‘ದಿ ಟ್ರೇಸಿ ಉಲ್‌ಮನ್ ಶೋ’ ನಡುವೆ ಬರುತ್ತಿದ್ದ ತುಣುಕುಗಳು 1989ರ ಡಿಸೆಂಬರ್ 17ರಿಂದ ಫಾಕ್ಸ್ ವಾಹಿನಿಯಲ್ಲಿ ಅರ್ಧ ಗಂಟೆಯ ಕಂತುಗಳಾದವು.

ಕಥೆ ನಡೆಯುವುದು ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪಿತ ಊರಿನಲ್ಲಿ. ಅಣುಸ್ಥಾವರದ ಸುರಕ್ಷತೆ ನೋಡಿಕೊಳ್ಳಬೇಕಾದ ಹೋಮರ್ ಕೆಲಸದ ವೇಳೆ ನಿದ್ದೆ ಹೊಡೆಯುತ್ತಾನೆ. ಸಂಸಾರದ ಭಾರವೆಲ್ಲ ಹೆಂಡತಿ ಮಾರ್ಜ್‌ಳದು. ಮಗ ಬಾರ್ಟ್ ಪುಂಡ. ಜಾಣೆ ಮಗಳು ಲೀಸಾ ತನ್ನ ಮನೆಯಲ್ಲೇ ಒಂಟಿ. ಮ್ಯಾಗಿ ಇನ್ನೂ ಕೂಸು.

ಮನೆಯ ಒಡಕಿಗೆ ಮನೆಯವರಷ್ಟೇ ಕಾರಣರಲ್ಲ ಎಂಬುದು ಮೊದಲ ಕಂತಿನಲ್ಲೇ ಗೊತ್ತಾಗುತ್ತದೆ. ಕ್ರಿಸ್‌ಮಸ್‌ಗೆಂದು ಮಾರ್ಜ್ ಕೂಡಿಟ್ಟ ಹಣ ಬಾರ್ಟ್‌ನ ಹಚ್ಚೆ ಅಳಿಸಲು ಖರ್ಚಾಗುತ್ತದೆ. ಅತ್ತ ಅಣುಸ್ಥಾವರದ ಮಾಲೀಕ ಬರ್ನ್ಸ್ ಬೋನಸ್ಸಿಗೆ ಕತ್ತರಿ ಹಾಕುತ್ತಾನೆ. ಹೋಮರ್ ಅದನ್ನು ಮುಚ್ಚಿಟ್ಟು ಮಾಲ್‌ನಲ್ಲಿ ಸಾಂಟಾ ವೇಷ ಕಟ್ಟಿ, ಸಿಕ್ಕ ಪುಡಿಗಾಸನ್ನು ನಾಯಿ ರೇಸಿನಲ್ಲಿ ಕಳೆದು, ಸೋತ ನಾಯಿಯನ್ನೇ ಮನೆಗೆ ತರುತ್ತಾನೆ. 1993ರ ಒಂದು ಕಂತಿನಲ್ಲಿ ಲೀಸಾಳ ಹಲ್ಲಿಗೆ ಕ್ಲಿಪ್ ಬೇಕಾದ ಹೊತ್ತಿಗೇ ಕಾರ್ಮಿಕರ ದಂತವಿಮೆ ಕೈತಪ್ಪುವಂತಾಗುತ್ತದೆ. ಅದರ ವಿರುದ್ಧದ ಮುಷ್ಕರಕ್ಕೆ ಮುಂದಾಳು, ಅಚ್ಚರಿಯೆಂದರೆ, ಸೋಮಾರಿ ಹೋಮರ್!

ಅಮೆರಿಕದ ಕುಟುಂಬಗಳು ಸಿಂಪ್ಸನ್ಸ್‌ಗಿಂತ ವಾಲ್ಟನ್ಸ್‌ನಂತಿರಬೇಕೆಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ 1992ರಲ್ಲಿ ಆಶಿಸಿದರು. ವಾಲ್ಟನ್ಸ್ ಎಂದರೆ 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದ ಬಡ ಸಂಸಾರವನ್ನು ತೋರಿಸಿದ ಧಾರಾವಾಹಿ. ಕೆಲವೇ ದಿನಗಳಲ್ಲಿ ಬಾರ್ಟ್, ತಾವೂ ಆರ್ಥಿಕ ಕುಸಿತ ಮುಗಿಯಲೆಂದೇ ಪ್ರಾರ್ಥಿಸುತ್ತಿದ್ದೇವೆಂದು ತಿರುಗೇಟು ಕೊಟ್ಟ.

ಇತರರನ್ನು ಅಣಕಿಸಿದ ಧಾರಾವಾಹಿಗೆ ತನ್ನದೇ ಕುರುಡೂ ಇತ್ತು. ಭಾರತೀಯ ಅಂಗಡಿಕಾರ ಅಪುವಿಗೆ ಬಿಳಿಯ ನಟ ಹ್ಯಾಂಕ್ ಅಜಾರಿಯಾ ಉತ್ಪ್ರೇಕ್ಷಿತ ಉಚ್ಚಾರಣೆಯ ದನಿ ಕೊಟ್ಟಿದ್ದರು. ಹರಿ ಕೊಂಡಬೋಲು ಅವರ 2017ರ ಸಾಕ್ಷ್ಯಚಿತ್ರ ಇದನ್ನು ಪ್ರಶ್ನಿಸಿತು. 2020ರಲ್ಲಿ ಅಜಾರಿಯಾ ಆ ಪಾತ್ರ ಬಿಟ್ಟರು.