ಶೀಲಶಿಕ್ಷಣ ಮತ್ತು ಪುತ್ತೂರಿನ ಬಾಲವನ

ವಿದ್ಯೆಯ ಫಲ ಶೀಲವೆಂಬುದು ನಮ್ಮ ಹಿರಿಯರ ನಂಬುಗೆ. ಆದರೆ ಶೀಲವನ್ನು ಪಾಠವಾಗಿ ಬೋಧಿಸಬಹುದೆ, ಅಥವಾ ಅದು ಶಾಲೆಯ ನಡೆವಳಿಕೆಯಿಂದಲೇ ಮಗುವಿಗೆ ದೊರೆಯಬೇಕಾದುದೆ? ಈ ಪ್ರಶ್ನೆಗೆ ಬೆಳಕು ನೀಡುವ ಪ್ರಯೋಗವೊಂದು ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ನಡೆಯಿತು.

1902ರಲ್ಲಿ ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು ಅಸಹಕಾರ ಚಳುವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದವರು. ಪುತ್ತೂರಿನಲ್ಲಿ ನೆಲೆಸಿದ ಅವರು 1930ರ ದಶಕದಲ್ಲಿ ಮಕ್ಕಳ ಶಿಕ್ಷಣದತ್ತ ಗಮನ ಹರಿಸಿದರು. ಇಂದಿನ ಸುಳ್ಯ, ಕಡಬಗಳ ಸೀಮೆಯೂ ಆಗ ಪುತ್ತೂರು ತಾಲೂಕಿಗೇ ಸೇರಿತ್ತು. ಬಾಯಿಪಾಠವೂ ಬೆತ್ತವೂ ಶಾಲೆಯ ಲಕ್ಷಣಗಳೆನಿಸಿದ್ದ ಕಾಲವದು. ಬಾಲವನದಲ್ಲಾದರೋ ಆಟ, ಚಿತ್ರ, ನೃತ್ಯ, ನಾಟಕ, ಪ್ರಕೃತಿವೀಕ್ಷಣೆಗಳು ಕಲಿಕೆಯ ಅಂಗಗಳಾದವು. ಮಗುವಿನ ಕುತೂಹಲವನ್ನು ತಣಿಸಲೆಂದೇ ಕಾರಂತರು 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ರಚಿಸಿದರು. ಅದೇ ದಶಕದಲ್ಲಿ, 1937ರಲ್ಲಿ, ಗಾಂಧೀಜಿಯವರು ವಾರ್ಧಾದಲ್ಲಿ ಕೈಕಸುಬನ್ನು ಕೇಂದ್ರವಾಗಿರಿಸಿದ ಶಿಕ್ಷಣಕ್ರಮವನ್ನು ಮುಂದಿಟ್ಟರು. ಮಾರ್ಗಗಳು ಬೇರೆ, ಪುಸ್ತಕವೊಂದರಿಂದಲೇ ಮನುಷ್ಯನು ರೂಪುಗೊಳ್ಳನೆಂಬ ಅರಿವು ಒಂದೇ.

ಬಾಲವನದ ಶಾಲೆ ದೀರ್ಘಕಾಲ ಬಾಳಲಿಲ್ಲ. ಆದರೂ ಅದು ಎತ್ತಿದ ಪ್ರಶ್ನೆ ಅಳಿದಿಲ್ಲ. ದಂಡನೆಗೆ ಅಂಜಿ ಸುಮ್ಮನಿರುವ ಮಗು ವಿಧೇಯವಾಗಬಹುದು, ಸತ್ಯವಂತವಾಗದು. 'ನನಗೆ ತಿಳಿಯದು', 'ತಪ್ಪು ನನ್ನದೇ' ಎಂದು ನಿರ್ಭಯವಾಗಿ ನುಡಿಯಬಲ್ಲಲ್ಲಿಯೇ ಸತ್ಯದ ಅಭ್ಯಾಸ ಮೊದಲಾಗುತ್ತದೆ. ಕೂಡಿ ನಾಟಕವಾಡುವ ಮಕ್ಕಳು ತನ್ನ ಸರದಿಗೆ ಕಾಯುವುದನ್ನೂ ಇನ್ನೊಬ್ಬರ ಗೆಲವಿಗೆ ಸಂತೋಷಪಡುವುದನ್ನೂ ಉಪದೇಶವಿಲ್ಲದೆ ಕಲಿಯುತ್ತಾರೆ. ಹಕ್ಕಿಯ ಗೂಡನ್ನು ದಿನದಿನವೂ ನೋಡಿ ಬಲ್ಲ ಮಗು ಅದಕ್ಕೆ ಕಲ್ಲೆಸೆಯಲು ಹಿಂಜರಿಯುತ್ತದೆ. ಚಾರಿತ್ರವನ್ನು ದರ್ಶನ, ಜ್ಞಾನಗಳಿಂದ ಬೇರ್ಪಡಿಸದ ಪರಂಪರೆ ನಮ್ಮದು. ಸರಿಯಾಗಿ ಕಾಣದೆ, ಅರಿಯದೆ ನಡೆವ ನಡತೆ ಬರಿಯ ರೂಢಿಯಷ್ಟೆ ಎಂಬುದನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಇಂದು ಈ ಸೀಮೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಕೊರತೆಯಿಲ್ಲ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಆರಂಭವಾದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಶ್ರಮದಿಂದ 1976ರಲ್ಲಿ ನೆಹರೂ ಸ್ಮಾರಕ ಕಾಲೇಜು ತಲೆಯೆತ್ತಿತು. ದೂರದ ಊರಿಗೆ ಹೋಗಲಾರದ ಮಕ್ಕಳಿಗೆ ಇದು ಸಾಮಾನ್ಯ ಉಪಕಾರವಲ್ಲ. ಆದರೆ ಅಂಕಗಳ ಎಣಿಕೆಯೊಂದೇ ಶಾಲೆಯ ಅಳತೆಗೋಲಾದರೆ ಶೀಲವು ವಾರಕ್ಕೊಂದು ನೀತಿಬೋಧೆಯ ತರಗತಿಗೆ ಸೀಮಿತವಾದೀತು.

ಪಾಠಶಾಲೆಗಳನ್ನು ನಡೆಸುವ ಬಸದಿಗಳ ಆಡಳಿತ ಮಂಡಳಿಗಳೂ ಮಕ್ಕಳ ತಂದೆತಾಯಂದಿರೂ ಒಂದನ್ನು ವಿಚಾರಿಸಬೇಕು: ನಮ್ಮ ಮಕ್ಕಳು ಎಷ್ಟು ಶ್ಲೋಕ ಕಲಿತರೆಂಬುದರೊಡನೆ, ತಪ್ಪನ್ನು ನಮ್ಮೆದುರು ಒಪ್ಪಿಕೊಳ್ಳಲು ಅವರಿಗೆ ಧೈರ್ಯವಿದೆಯೆ? ಹಿರಿಯರ ನಡೆಯೇ ಮಕ್ಕಳ ಮೊದಲ ಪಠ್ಯವೆಂಬುದನ್ನು ಮರೆಯದಿರೋಣ.