ಉಸಿರಾಡುವುದು, ಗಾಳಿಯಾಡುವುದು

“ಮೀನು ಕಿವಿರುಗಳ ಮೂಲಕ ಉಸಿರಾಟ ಕ್ರಿಯೆಯನ್ನು ನಡೆಸುತ್ತದೆ” ಎಂಬ ಬಗೆಯ ವಾಕ್ಯ ತರಗತಿಯ ಪಾಠಗಳಲ್ಲಿಯೂ ವನ್ಯಜೀವಿ ಚಿತ್ರಗಳ ಕನ್ನಡ ನಿರೂಪಣೆಯಲ್ಲಿಯೂ ಈಗ ಮೇಲಿಂದ ಮೇಲೆ ಕೇಳಿಬರುತ್ತದೆ. ‘ಉಸಿರಾಡು’ ಎಂಬ ಒಂದೇ ಕ್ರಿಯಾಪದ ಸಲೀಸಾಗಿ ಮಾಡುತ್ತಿದ್ದ ಕೆಲಸವನ್ನು ‘ಉಸಿರಾಟ’, ‘ಕ್ರಿಯೆ’, ‘ನಡೆಸು’ ಎಂಬ ಮೂರು ಪದಗಳಿಗೆ ಹಂಚಿ ಭಾಷೆಯನ್ನು ಭಾರಗೊಳಿಸಿರುವುದು ಈ ವಾಕ್ಯದ ಮೇಲ್ನೋಟದ ದೋಷ. ಕ್ರಿಯಾಪದಗಳನ್ನು ನಾಮಪದಗಳನ್ನಾಗಿಸಿ, ಅವಕ್ಕೆ ‘ಮಾಡು’, ‘ನಡೆಸು’ಗಳ ಊರುಗೋಲು ಕೊಡುವ ಈ ಚಾಳಿ ಕನ್ನಡದ ಬರವಣಿಗೆಯನ್ನೆಲ್ಲ ಆವರಿಸುತ್ತಿರುವುದು ವ್ಯಸನದ ಸಂಗತಿ. ಆದರೆ ವಾಕ್ಯದ ಒಳಗೆ ಇನ್ನೂ ದೊಡ್ಡ ತಪ್ಪೊಂದು ಅಡಗಿದೆ: ‘ಉಸಿರಾಡು’ ಎಂಬ ಪದವೇ ಮೀನಿಗೆ ಸಲ್ಲದು.

‘ಉಸಿರು’ ಎಂಬುದರ ಮೂಲವನ್ನು ನಿಘಂಟುಗಳು ವಿವರಿಸಿವೆಯಾದ್ದರಿಂದ ಅದನ್ನಿಲ್ಲಿ ಕೆದಕಬೇಕಾಗಿಲ್ಲ. ಗಮನಿಸಬೇಕಾದದ್ದು ಅದರ ಬೆನ್ನಿಗೆ ಬಂದ ‘ಆಡು’. ತೂಗಾಡು, ಓಲಾಡು, ನೇತಾಡು, ಅಲ್ಲಾಡು, ಓಡಾಡು ಎಂಬ ಪದಗಳಲ್ಲೆಲ್ಲ ಕಾಣುವುದು ಅತ್ತ ಹೋಗಿ ಇತ್ತ ಮರಳುವ ಚಲನೆ. ‘ಬೇಟೆಯಾಡು’, ‘ಕೊಂಡಾಡು’ಗಳನ್ನು ಮುಂದಿಟ್ಟು, ‘ಆಡು’ ಎಂಬುದು ಕ್ರಿಯಾಪದ ಕಟ್ಟುವ ಸಾಧನ ಮಾತ್ರವೆಂದು ವೈಯಾಕರಣರು ವಾದಿಸಬಹುದಾದರೂ, ಉಸಿರಿನ ಮಟ್ಟಿಗೆ ಅದು ಉಯ್ಯಾಲೆಯ ‘ಆಡು’ವೇ ಎಂದು ನಂಬುವುದಕ್ಕೆ ಶರೀರಶಾಸ್ತ್ರ ಬೆಂಬಲವಾಗಿ ನಿಲ್ಲುತ್ತದೆ. ಮನುಷ್ಯನ, ಹಸುವಿನ, ನಾಯಿಯ ಶ್ವಾಸಕೋಶ ಒಂದೇ ಬಾಗಿಲಿನ ಕೋಣೆ. ಗಾಳಿ ಯಾವ ನಾಳದಿಂದ ಒಳಗೆ ಹೋಯಿತೋ ಅದೇ ನಾಳದಿಂದ ಹೊರಗೆ ಬರಬೇಕು. ವಿಶ್ರಾಂತಿಯಲ್ಲಿರುವ ವಯಸ್ಕನೊಬ್ಬ ಒಂದು ಸಲಕ್ಕೆ ಎಳೆದುಕೊಳ್ಳುವ ಸುಮಾರು 500 ಮಿಲಿಲೀಟರ್ ಗಾಳಿಯಲ್ಲಿ 150ರಷ್ಟು ದಾರಿಯ ನಾಳಗಳಲ್ಲಿಯೇ ಉಳಿದು, ರಕ್ತದ ಹತ್ತಿರಕ್ಕೂ ಹೋಗದೆ ಹಿಂದಿರುಗುವುದು ಈ ಆಡುವಿಕೆಗೆ ದೇಹ ತೆರುವ ಬೆಲೆ. ಕಪ್ಪೆಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಣ ಸ್ನಾಯುವಿನ ಪರದೆ, ಇಲ್ಲ. ಅದು ಗಂಟಲಿನ ತಳವನ್ನು ಇಳಿಸಿ ಗಾಳಿಯನ್ನು ಬಾಯಿಗೆ ತುಂಬಿಕೊಂಡು, ಮೂಗಿನ ಹೊಳ್ಳೆ ಮುಚ್ಚಿ, ನುಂಗುವಂತೆ ಒಳಗೆ ತಳ್ಳುತ್ತದೆ. ಆದರೂ ಗಾಳಿ ಬಂದ ದಾರಿಯಲ್ಲಿಯೇ ಮರಳುವುದರಿಂದ ಕಪ್ಪೆಯೂ ಉಸಿರಾಡುತ್ತದೆಂದು ಧಾರಾಳವಾಗಿ ಹೇಳಬಹುದು.

ಮೀನಿನಲ್ಲಿ ಆಡುವಿಕೆಯಿಲ್ಲ, ಹರಿವು ಮಾತ್ರ ಇದೆ. ನೀರು ಬಾಯಿಯಿಂದ ಒಳಬಂದು, ಕಿವಿರಿನ ತೆಳುವಾದ ಎಸಳುಗಳ ನಡುವೆ ಸಾಗಿ, ಕಿವಿರಿನ ಮುಚ್ಚಳದ ಅಡಿಯಿಂದ ಹೊರಟುಹೋಗುತ್ತದೆ. ಎಸಳುಗಳೊಳಗಿನ ರಕ್ತ ಅದಕ್ಕೆ ಎದುರು ದಿಕ್ಕಿನಲ್ಲಿ ಹರಿಯುತ್ತದೆ. ಎದುರುಹರಿವು ಎನ್ನಬಹುದಾದ ಈ ಏರ್ಪಾಡಿನಿಂದ, ರಕ್ತ ಮುಂದೆ ಸಾಗಿದಷ್ಟೂ ಹೆಚ್ಚು ಆಮ್ಲಜನಕವಿರುವ ನೀರೇ ಅದಕ್ಕೆ ಎದುರಾಗಿ, ನೀರಿನ ಆಮ್ಲಜನಕದಲ್ಲಿ ಶೇಕಡಾ 80ರವರೆಗೂ ಮೀನಿನ ವಶವಾಗಬಲ್ಲದು. ‘ಕಿವಿರು’ ಎಂಬ ಪದ ‘ಕಿವಿ’ಯ ಮಗುವೇ ಇರಬೇಕು, ತಮಿಳಿನಲ್ಲಿಯೂ ಕಿವಿಗೆ ‘ಚೆವಿ’, ಕಿವಿರಿಗೆ ‘ಚೆವುಳ್’ ಎಂದಿರುವುದು ಈ ಊಹೆಗೆ ಬಲ ಕೊಡುತ್ತದೆ. ಕಿವಿಯಿರಬೇಕಾದ ಜಾಗದಲ್ಲಿ ಕಿವಿರನ್ನು ಕಂಡು ಹೆಸರಿಟ್ಟವರಿಗೆ ತಿಳಿದಿರಲಾರದ ಸಂಗತಿಯೆಂದರೆ, ಭ್ರೂಣದಲ್ಲಿ ಕಿವಿರುಸೀಳುಗಳಿಗೆ ಸಂವಾದಿಯಾದ ಗಂಟಲಿನ ಚೀಲಗಳಲ್ಲಿ ಮೊದಲನೆಯದೇ ಮನುಷ್ಯನ ನಡುಗಿವಿಯಾಗಿಯೂ ಅದನ್ನು ಗಂಟಲಿಗೆ ಕೂಡಿಸುವ ನಾಳವಾಗಿಯೂ ಬೆಳೆಯುತ್ತದೆ. ಇಂಥ ಪದವಿರುವಾಗ ‘ಗಿಲ್ಸ್’ ಎನ್ನುವುದಕ್ಕೆ ಯಾವ ಅಗತ್ಯವೂ ಇಲ್ಲ.

ಇಲ್ಲಿ ‘ನೀರಿನಿಂದ ತೆಗೆದ ಮೀನಿನಂತೆ ಒದ್ದಾಡು’ ಎಂಬ ನುಡಿಗಟ್ಟನ್ನು ನಿಧಾನವಾಗಿ ಪರಿಶೀಲಿಸಬೇಕು. ಸಂಕಟಕ್ಕೆ ಇದಕ್ಕಿಂತ ಚಿರಪರಿಚಿತವಾದ ಹೋಲಿಕೆ ಕನ್ನಡದಲ್ಲಿ ವಿರಳ. ಆದರೂ ಅದರೊಳಗಿನ ವಿಚಿತ್ರ ಯಾರ ಗಮನಕ್ಕೂ ಬಂದಂತಿಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿದ್ದರೆ, ಒಂದು ಲೀಟರ್ ಕೆರೆಯ ನೀರಿನಲ್ಲಿ ಕರಗಿರುವುದು ಆರೇಳು ಮಿಲಿಲೀಟರ್ ಮಾತ್ರ. ಹಾಗಿದ್ದ ಮೇಲೆ ದಡಕ್ಕೆ ಬಿದ್ದ ಮೀನು ಬರಗಾಲದಿಂದ ಸುಗ್ಗಿಗೆ ಬಂದಂತಾಗಿ ಹಿಗ್ಗಬೇಕಿತ್ತು. ಅದು ಸಾಯುವುದು ಆಮ್ಲಜನಕದ ಕೊರತೆಯಿಂದಲೇ, ಆದರೆ ಆ ಕೊರತೆ ಗಾಳಿಯದಲ್ಲ, ಕಿವಿರಿನದು: ನೀರಿನ ಆಸರೆಯಲ್ಲಿ ಬಿಡಿಬಿಡಿಯಾಗಿ ಅರಳಿರುತ್ತಿದ್ದ ಎಸಳುಗಳು ಗಾಳಿಯಲ್ಲಿ ಒದ್ದೆಯಾದ ಕಾಗದದ ಹಾಳೆಗಳಂತೆ ಒಂದಕ್ಕೊಂದು ಅಂಟಿಕೊಂಡು, ಅನಿಲ ದಾಟಬೇಕಾದ ಮೇಲ್ಮೈ ಕುಗ್ಗಿ, ಕ್ರಮೇಣ ಒಣಗುತ್ತದೆ. ಉಸಿರಾಡಲಾರದ ಜೀವಕ್ಕೆ ನುಡಿಗಟ್ಟು ‘ಒದ್ದಾಡು’ ಎಂಬ ಪದವನ್ನು ಕೊಟ್ಟಿರುವುದೂ ಅರ್ಥಪೂರ್ಣವಾಗಿದೆ. ಆಡುವಿಕೆ ಉಸಿರಿನಲ್ಲಿಲ್ಲದಿದ್ದರೂ ಸಾವಿನ ಹೊತ್ತಿಗೆ ಮೈಗೆ ಬರುತ್ತದೆ. ಇನ್ನು ಕೆರೆಗಳ ಕೊರವ ಮೀನು ಈ ಹೋಲಿಕೆಯನ್ನೇ ತಲೆಕೆಳಗು ಮಾಡುತ್ತದೆ. ಅದರ ಕಿವಿರುಗಳ ಮೇಲೆ ಗಾಳಿ ತುಂಬಿಕೊಳ್ಳುವ ಕೋಣೆಯೊಂದಿದ್ದು, ಆಗಾಗ ನೀರಿನ ಮೇಲಕ್ಕೆ ಬಂದು ಬಾಯಿ ತುಂಬ ಗಾಳಿ ಕಚ್ಚಿಕೊಂಡು ಹೋಗದಿದ್ದರೆ ಅದು ಬದುಕಲಾರದು. ಬಲಿತ ಕೊರವವನ್ನು ಮೇಲೆ ಬರಗೊಡದೆ ನೀರಿನೊಳಗೆ ತಡೆದರೆ ಅದು ನೀರಿನಲ್ಲಿಯೇ ಮುಳುಗಿ ಸಾಯುತ್ತದೆ. ಮಾರುಕಟ್ಟೆಯಲ್ಲಿ ಅಂಗೈಯಷ್ಟು ನೀರಿನಲ್ಲಿಟ್ಟು ಕೊರವವನ್ನು ಜೀವಂತವಾಗಿ ಮಾರಬಹುದಾಗಿರುವುದೂ ಇದರಿಂದಲೇ. ‘ನೀರಿನಲ್ಲಿ ಹಿಡಿದಿಟ್ಟ ಕೊರವದಂತೆ’ ಎಂಬ ನುಡಿಯೂ ಕನ್ನಡದಲ್ಲಿ ಹುಟ್ಟಬಹುದಿತ್ತು.

ಹಕ್ಕಿಗಳ ವಿಷಯಕ್ಕೆ ಕನ್ನಡ ಇನ್ನೊಂದು ಪದವನ್ನು ಸಿದ್ಧವಾಗಿಟ್ಟಿದೆ. ಒಂದು ಕಿಟಕಿಯಿಂದ ಬಂದ ಗಾಳಿ ಇನ್ನೊಂದರಿಂದ ಹೋಗುವ ಮನೆಯನ್ನು ‘ಗಾಳಿಯಾಡುವ ಮನೆ’ ಎನ್ನುತ್ತಾರೆ. ಹಕ್ಕಿ ಎಳೆದುಕೊಂಡ ಗಾಳಿಯ ಬಹುಭಾಗ ಮೊದಲು ಹಿಂದಿನ ಗಾಳಿಚೀಲಗಳನ್ನು ಸೇರಿ, ಅಲ್ಲಿಂದ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಒಂದೇ ದಿಕ್ಕಿಗೆ ಸಾಗಿ, ಮುಂದಿನ ಚೀಲಗಳನ್ನು ಮುಟ್ಟಿ ಹೊರಬೀಳಲು ಎರಡು ಉಸಿರುಗಳ ಕಾಲ ಬೇಕು. ಅಂದರೆ ಕೊಕ್ಕಿನ ಬಳಿ ಹಕ್ಕಿ ಉಸಿರಾಡುತ್ತದೆ, ಶ್ವಾಸಕೋಶದಲ್ಲಿ ಗಾಳಿಯಾಡುತ್ತದೆ. ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲ ಕಳೆಯಲು ಬರುವ ಪಟ್ಟೆತಲೆಯ ಹೆಬ್ಬಾತುಗಳು ತೆಳುಗಾಳಿಯಲ್ಲಿಯೂ ರೆಕ್ಕೆ ಬಡಿಯುತ್ತ ಹಾರಬಲ್ಲ ಕಾರಣಗಳಲ್ಲಿ ಇದೂ ಒಂದು.

ಕೀಟಗಳಿಗೆ ಮಾತ್ರ ಯಾವ ಕ್ರಿಯಾಪದವನ್ನು ಕೊಡಬೇಕೆಂಬುದು ಕಷ್ಟದ ಪ್ರಶ್ನೆ. ರಕ್ತವಿಲ್ಲದ ಜೀವಿಗಳು ಉಸಿರಾಡುವುದಿಲ್ಲವೆಂದು ಅರಿಸ್ಟಾಟಲ್ ತಿಳಿದಿದ್ದನು. ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ 1669ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ರೇಷ್ಮೆ ಹುಳುವನ್ನು ಬಿಡಿಸಿ ತೋರಿಸಿ, ಅದರ ಮೈಯ ಪಕ್ಕದ ರಂಧ್ರಗಳಿಂದ ಹೊರಟ ಗಾಳಿಯ ಕೊಳವೆಗಳು ಕವಲೊಡೆದು ಅಂಗಾಂಗಗಳಿಗೆ ಹಬ್ಬಿರುವುದನ್ನು ಚಿತ್ರಿಸಿದನು. ಆ ರಂಧ್ರಗಳಿಗೆ ಎಣ್ಣೆ ಸವರಿದರೆ ಹುಳು ಸಾಯುವುದನ್ನೂ ಕಂಡನು. ಒಂಬತ್ತು ಜೊತೆ ಕಪ್ಪು ಚುಕ್ಕೆಗಳಾಗಿ ಕಾಣುವ ಈ ಶ್ವಾಸರಂಧ್ರಗಳಿಂದ ಆಮ್ಲಜನಕ ರಕ್ತದ ಹಂಗಿಲ್ಲದೆ ನೇರವಾಗಿ ಜೀವಕೋಶಗಳ ಬಾಗಿಲಿಗೆ ಹೋಗುತ್ತದೆ. ರೇಷ್ಮೆ ಬೆಳೆಗಾರರು ಹುಳುಮನೆಯಲ್ಲಿ ಚೆನ್ನಾಗಿ ಗಾಳಿಯಾಡಬೇಕು ಎನ್ನುವಾಗ ಅವರ ಮಾತು ಗೋಡೆ ಕಿಟಕಿಗಳ ಕುರಿತದ್ದಾದರೂ, ತಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪು ಮೇಯುತ್ತಿರುವ ಒಂದೊಂದು ಹುಳುವಿನ ಮೈಯೊಳಗಿನ ಕೊಳವೆಗಳಿಗೂ ಅದೇ ಪದ ಹೊಂದುತ್ತದೆ.